ಮುಂದಿದ್ದವರು ಮರುದಿನ ಹೊರಗೆ: ಬಣಗಳ ಲೆಕ್ಕಾಚಾರ

2024ರ ಅಕ್ಟೋಬರ್ 8. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ಸಂಸದರ ಮೂರನೇ ಸುತ್ತಿನ ಮತದಾನ. ಜೇಮ್ಸ್ ಕ್ಲೆವರ್ಲಿ 39, ರಾಬರ್ಟ್ ಜೆನ್ರಿಕ್ 31, ಕೆಮಿ ಬೇಡನಾಕ್ 30, ಟಾಮ್ ಟುಗೆಂಡ್‌ಹ್ಯಾಟ್ 20. ಕೊನೆಯಲ್ಲಿದ್ದ ಟುಗೆಂಡ್‌ಹ್ಯಾಟ್ ಹೊರಬಿದ್ದರು. ಮರುದಿನ ಬೇಡನಾಕ್ 42, ಜೆನ್ರಿಕ್ 41, ಕ್ಲೆವರ್ಲಿ 37. ಹಿಂದಿನ ದಿನ ಎಲ್ಲರಿಗಿಂತ ಮುಂದಿದ್ದವರೇ ಈಗ ಹೊರಗೆ!

ಈ ಅಂಕಿಗಳನ್ನು ಕೂಡಿ ಕಳೆದು ನೋಡಬೇಕು. ಪಕ್ಷದ ಮಧ್ಯಮಪಂಥೀಯರೆಂದು ಗುರುತಿಸಿಕೊಂಡಿದ್ದ ಕ್ಲೆವರ್ಲಿ, ಟುಗೆಂಡ್‌ಹ್ಯಾಟ್ ಇಬ್ಬರ ಮತ ಸೇರಿದರೆ 59. ಬಲಪಂಥೀಯ ಬಣದ ಇನ್ನಿಬ್ಬರದು 61. ಬಹುತೇಕ ಸಮಬಲ. ಮೂವರ ನಡುವೆ 120 ಮತ ಹಂಚಿಹೋಗುವಾಗ 41 ಪಡೆದವರು ಕೊನೆಯ ಸ್ಥಾನಕ್ಕೆ ಬೀಳುವುದು ಸಾಧ್ಯವೇ ಇಲ್ಲ. ಅಂದರೆ ಕ್ಲೆವರ್ಲಿಗೆ ಬೇಕಿದ್ದದ್ದು ಇನ್ನೆರಡು ಮತ ಮಾತ್ರ. ಆದರೆ ಇದ್ದ ಮತಗಳಲ್ಲೇ ಎರಡು ಕಡಿಮೆಯಾದವು. ಗೆಲುವು ಖಚಿತವೆಂದು ನಂಬಿದ ಕೆಲವು ಬೆಂಬಲಿಗರು, ಅಂತಿಮ ಹಣಾಹಣಿಗೆ ಸುಲಭದ ಎದುರಾಳಿ ಸಿಗಲೆಂದು ಮತವನ್ನು ‘ಸಾಲ’ ಕೊಟ್ಟರು ಎಂಬ ವರದಿಗಳು ಆಗ ಬಂದವು. ಮತದಾನ ಗುಪ್ತ, ಯಾರು ಯಾರಿಗೆ ಹಾಕಿದರೆಂದು ಅಂಕಿಗಳು ಹೇಳುವುದಿಲ್ಲ. ಕನಿಷ್ಠ ಇಬ್ಬರಾದರೂ ಕೈಬಿಟ್ಟರು ಎಂಬುದಂತೂ ಸ್ಪಷ್ಟ. ಇಂಥ ತಂತ್ರದ ಅಪಾಯವೂ ಇದೇ: ಗುಪ್ತ ಮತದಾನದಲ್ಲಿ, ಪಕ್ಕದವನೂ ಅದೇ ಲೆಕ್ಕ ಹಾಕುತ್ತಿದ್ದಾನೆಯೇ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಈ ಪದ್ಧತಿಯಲ್ಲಿ ಸಂಸದರು ಅಭ್ಯರ್ಥಿಗಳನ್ನು ಇಬ್ಬರಿಗೆ ಇಳಿಸುತ್ತಾರೆ; ಕೊನೆಯ ತೀರ್ಮಾನ ಸಾಮಾನ್ಯ ಸದಸ್ಯರದು. 1998ರಲ್ಲಿ ಬಂದ ಈ ನಿಯಮ ಮೊದಲು ಬಳಕೆಯಾದ 2001ರಲ್ಲೇ ಅದರ ಬಿರುಕು ಕಾಣಿಸಿತು. ಕೆನೆತ್ ಕ್ಲಾರ್ಕ್ 59, ಇಯಾನ್ ಡಂಕನ್ ಸ್ಮಿತ್ 54, ಮೈಕೆಲ್ ಪೋರ್ಟಿಲೊ 53. ಒಂದೇ ಮತದಿಂದ ಪೋರ್ಟಿಲೊ ಹೊರಬಿದ್ದರು. ಉಳಿದದ್ದು ಯುರೋಪ್ ಪರವಾದ ಕ್ಲಾರ್ಕ್ ಮತ್ತು ಯುರೋಪ್ ಒಕ್ಕೂಟವನ್ನು ಅನುಮಾನದಿಂದ ನೋಡುತ್ತಿದ್ದ ಡಂಕನ್ ಸ್ಮಿತ್. ಸದಸ್ಯರು ಸುಮಾರು ಶೇ. 61 ಮತ ಕೊಟ್ಟು ಡಂಕನ್ ಸ್ಮಿತ್ ಅವರನ್ನು ಗೆಲ್ಲಿಸಿದರು. ಸಂಸದರಲ್ಲಿ ಮೂರನೇ ಒಂದು ಭಾಗವೂ ಅವರ ಜೊತೆಗಿರಲಿಲ್ಲ. 2003ರಲ್ಲಿ ಅದೇ ಸಂಸದರು 90–75 ಮತಗಳಿಂದ ಅವರನ್ನು ಇಳಿಸಿದರು. ಆರಿಸುವವರು ಒಬ್ಬರು, ದಿನನಿತ್ಯ ಜೊತೆಗೆ ದುಡಿಯಬೇಕಾದವರು ಇನ್ನೊಬ್ಬರು ಆದಾಗ ಪಕ್ಷ ತೆರುವ ಬೆಲೆ ಇದು.

ಲೇಬರ್ ಪಕ್ಷದಲ್ಲಿ ಬಣಗಳ ಜಗಳ ಹೊಸ್ತಿಲಲ್ಲೇ ನಡೆಯುತ್ತದೆ. 2015ರಲ್ಲಿ ಕಣಕ್ಕಿಳಿಯಲು ಶೇ. 15, ಅಂದರೆ 232 ಸಂಸದರಲ್ಲಿ 35 ಮಂದಿಯ ನಾಮನಿರ್ದೇಶನ ಬೇಕಿತ್ತು. ಎಡಪಂಥೀಯ ಬಣದ ಜೆರೆಮಿ ಕಾರ್ಬಿನ್‌ಗೆ ಸಿಕ್ಕಿದ್ದು 36. ಅದರಲ್ಲೂ ಹಲವರು ‘ಚರ್ಚೆ ವಿಶಾಲವಾಗಲಿ’ ಎಂದು ಸಹಿ ಹಾಕಿದವರೇ ಹೊರತು ಅವರ ಬೆಂಬಲಿಗರಲ್ಲ. ಒಮ್ಮೆ ಕಣಕ್ಕಿಳಿದ ಮೇಲೆ ಕಾರ್ಬಿನ್ ನಾಲ್ವರ ನಡುವೆ ಶೇ. 59.5 ಮತ ಪಡೆದರು. 2016ರಲ್ಲಿ ಸಂಸದರು 172–40ರಿಂದ ಅವಿಶ್ವಾಸ ಸೂಚಿಸಿದರೂ ಸದಸ್ಯರು ಅವರನ್ನೇ ಮತ್ತೆ ಆರಿಸಿದರು. 2021ರಲ್ಲಿ ಪಕ್ಷ ಈ ಮಿತಿಯನ್ನು ಶೇ. 20ಕ್ಕೆ ಏರಿಸಿತು. 2015ರಲ್ಲೇ ಅದು ಜಾರಿಯಲ್ಲಿದ್ದಿದ್ದರೆ 47 ಸಹಿ ಬೇಕಾಗುತ್ತಿತ್ತು. ಕಾರ್ಬಿನ್ ಹೆಸರು ಮತಪತ್ರದಲ್ಲೇ ಇರುತ್ತಿರಲಿಲ್ಲ.