ಕಂಬಿ ಮೇಲೆ ಜಾರುವವರಿಗೆ ಕಂಡಕ್ಟರ್ ಪಾಠ

ಅಕ್ಕನ ಮಗ ಹೊಸ ಶೂ ಒಂದನ್ನು ನನ್ನ ಕೈಗೆ ಕೊಟ್ಟು, "ಮಾಮ, ತಿರುಗಿಸಿ ನೋಡು" ಅಂದ. ಹಿಮ್ಮಡಿ ಕಡೆ ರಬ್ಬರು, ಬೆರಳುಗಳ ಕಡೆಯೂ ರಬ್ಬರು. ನಡುವೆ, ಅಂಗಾಲು ಗುಳಿ ಬೀಳುವ ಜಾಗದಲ್ಲಿ, ಒಳಕ್ಕೆ ಬಾಗಿದ ಗಟ್ಟಿ ಪ್ಲಾಸ್ಟಿಕ್ ತುಂಡು. ಹೆಬ್ಬೆರಳಿಂದ ಒತ್ತಿ ತಿಕ್ಕಿ ನೋಡಿದೆ. ರಬ್ಬರಿನ ಮೇಲೆ ಬೆರಳು ತಡೆದು ನಿಂತಿತು. ಪ್ಲಾಸ್ಟಿಕ್ ಮೇಲೆ ಸರ್ರನೆ ಜಾರಿತು.

ಗ್ರೈಂಡ್ ಶೂ ಅಂದರೆ ಇದೇ. ಓಡಿ ಬಂದು, ಹಾರಿ, ಪಕ್ಕಕ್ಕೆ ತಿರುಗಿ, ಕಂಬಿಗೆ ಅಡ್ಡಲಾಗಿ ಎರಡೂ ಪಾದ ಇಡಬೇಕು. ಕಂಬಿ ಆ ಪ್ಲಾಸ್ಟಿಕ್ ಗುಳಿಯಲ್ಲಿ ಕೂರುತ್ತದೆ, ನಾವು ಜಾರುತ್ತಾ ಹೋಗುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ರಿಸ್ ಮಾರಿಸ್ ಎಂಬವರು 1997ರಲ್ಲಿ ಇಂಥ ಶೂಗಳನ್ನು ಮಾರುಕಟ್ಟೆಗೆ ತಂದರು. ಇಟ್ಟ ಹೆಸರು 'ಸೋಪ್'. ಒಳ್ಳೆಯ ಹೆಸರು ಅಲ್ವಾ?

ಬನಶಂಕರಿಯ ಅಕ್ಕನ ಮನೆ ಇರುವುದು ಅಡ್ಡರಸ್ತೆಯ ಕೊನೆಯಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಗಾಡಿಗಳ ಓಡಾಟ ಇರುವುದಿಲ್ಲ. ವೆಲ್ಡಿಂಗ್ ಅಂಗಡಿಯಿಂದ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪ್ ತಂದು, ಎರಡು ಮರದ ದಿಮ್ಮಿಗಳ ಮೇಲೆ ಅಲ್ಲಾಡದ ಹಾಗೆ ಬಿಗಿದೆವು. ನೆಲದಿಂದ ಅರ್ಧ ಅಡಿ ಎತ್ತರ, ಅಷ್ಟೇ. ಹೆಲ್ಮೆಟ್, ಮಂಡಿ ಮತ್ತು ಮಣಿಕಟ್ಟಿನ ಗಾರ್ಡ್ ಹಾಕದೆ ಪೈಪ್ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ. ಮೊದಲ ಸಲ ಹಾರಿದವನು ಮುಂದಕ್ಕೆ ಮುಗ್ಗರಿಸಿ ಬಿದ್ದ. ಎರಡನೇ ಸಲವೂ ಅದೇ. "ಶೂ ಸರಿಯಾಗಿ ಜಾರ್ತಾ ಇಲ್ಲ" ಅಂದ. ಶೂ ಚೆನ್ನಾಗಿಯೇ ಜಾರುತ್ತಿತ್ತು. ತಪ್ಪಿದ್ದು ಅವನು ತೂಕ ಇಟ್ಟ ಜಾಗ.

ಬಿಎಂಟಿಸಿ ಬಸ್ಸಿನ ಕಂಡಕ್ಟರನ್ನು ಗಮನಿಸಿ ನೋಡಿ. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಚಿಲ್ಲರೆ. ಹಿಡಿದುಕೊಳ್ಳಲು ಕೈಯೇ ಇಲ್ಲ. ಡ್ರೈವರ್ ಬ್ರೇಕ್ ಒತ್ತಿದಾಗ ಬಸ್ಸು ಪಾದಗಳನ್ನು ಹಿಡಿದು ನಿಧಾನಿಸುತ್ತದೆ, ಮೈ ಮಾತ್ರ ಹಳೇ ವೇಗದಲ್ಲೇ ಮುಂದಕ್ಕೆ ಹೊರಡುತ್ತದೆ. ನಾವು ಮುಂದಿನವರ ಬೆನ್ನ ಮೇಲೆ ಬೀಳುತ್ತೇವೆ. ಕಂಡಕ್ಟರ್ ಬೀಳುವುದಿಲ್ಲ. ಅವರು ಬಸ್ಸು ಹೋಗುವ ದಿಕ್ಕಿಗೆ ಅಡ್ಡಲಾಗಿ ತಿರುಗಿ, ಕಾಲು ಅಗಲಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಮೈಯನ್ನು ಬಸ್ಸಿನ ಹಿಂಬದಿಯ ಕಡೆಗೆ ವಾಲಿಸಿರುತ್ತಾರೆ.

ಕಂಬಿಯ ಮೇಲೆ ಆಗುವುದೂ ಇದೇ. ಪ್ಲಾಸ್ಟಿಕ್ ಜಾರಿದರೂ ಘರ್ಷಣೆ ಪೂರ್ತಿ ಹೋಗಿರುವುದಿಲ್ಲ. ಉಕ್ಕಿನ ಮೇಲೆ ಇಂಥ ಪ್ಲಾಸ್ಟಿಕ್ಕಿನ ಘರ್ಷಣಾ ಗುಣಾಂಕ, ಅಂದರೆ ಮೈತೂಕದ ಎಷ್ಟು ಪಾಲು ಬಲ ಹಿಂದಕ್ಕೆ ಎಳೆಯುತ್ತದೆ ಅನ್ನುವ ಸಂಖ್ಯೆ, ಸುಮಾರು 0.2 ಅಂತ ಇಟ್ಟುಕೊಳ್ಳೋಣ. ಆಗ ಪಾದದ ವೇಗ ಪ್ರತಿ ಸೆಕೆಂಡಿಗೆ ಸುಮಾರು 2 ಮೀಟರಿನಷ್ಟು ಇಳಿಯುತ್ತದೆ. ಅಂದರೆ ಬಿಡದೆ ಬ್ರೇಕ್ ಒತ್ತಿಕೊಂಡೇ ಇರುವ ಬಸ್ಸಿನಲ್ಲಿ ನಿಂತ ಹಾಗೆ.

ಮಂಡಿ ಬಗ್ಗಿಸಿ ನಿಂತಾಗ ಮೈತೂಕದ ನಡುಬಿಂದು ಪಾದದಿಂದ 80 ಸೆಂ.ಮೀ. ಮೇಲಿದೆ ಅನ್ನಿ. 80ರ 0.2 ಪಾಲು ಅಂದರೆ 16. ಮುಗ್ಗರಿಸಬಾರದು ಅಂದರೆ ಮುಂದಿನ ಪಾದ ಆ ಬಿಂದುವಿಗಿಂತ ಕನಿಷ್ಠ 16 ಸೆಂ.ಮೀ. ಮುಂದಿರಬೇಕು. ಪಾದಗಳ ನಡುವೆ 50 ಸೆಂ.ಮೀ. ಅಂತರ ಇದ್ದರೆ, ಮೈ ಸರಿಯಾಗಿ ನಡುವೆ ಇದ್ದರೂ ಪರವಾಗಿಲ್ಲ, ಬೀಳುವುದಿಲ್ಲ. ಕಾಲು ಜೋಡಿಸಿ ನಿಂತರೆ ಬಿದ್ದಂತೆಯೇ. ನಮ್ಮ ಹುಡುಗ ಮಾಡಿದ್ದು ಅದನ್ನೇ. ಮೈಯನ್ನು ನಡುವಿನಿಂದ 16 ಸೆಂ.ಮೀ., ಅಂದರೆ ಸುಮಾರು ಮುಕ್ಕಾಲು ಗೇಣು, ಹಿಂದಕ್ಕೆ ಸರಿಸಿದರೆ ಎರಡೂ ಪಾದಗಳ ಮೇಲೆ ತೂಕ ಸಮವಾಗಿ ಬೀಳುತ್ತದೆ. ನನಗೆ ತುಂಬ ಇಷ್ಟವಾದ ಲೆಕ್ಕ ಇದು. ಹಿಂದೆ ವಾಲಿದರೆ ಹಿಂಗಾಲಿಗೇ ಭಾರ ಅಂದುಕೊಂಡಿರುತ್ತೇವೆ. ಜಾರುವಾಗ ಅದು ಹಾಗಲ್ಲ.

ಅತಿಯಾಗಿ ವಾಲಿದರೆ ಮಾತ್ರ ಕಾಲು ಮುಂದೆ ಹಾರಿ, ಬಾಲಮೂಳೆ ನೆಲಕ್ಕೆ ಬಡಿಯುತ್ತದೆ. ಮುಂದಕ್ಕೆ ತಪ್ಪಿದರೆ ನಾಲ್ಕು ಹೆಜ್ಜೆ ಓಡಿ ಸುಧಾರಿಸಿಕೊಳ್ಳಬಹುದು. ಹಿಂದಕ್ಕೆ ತಪ್ಪಿದರೆ ಆ ಅವಕಾಶ ಇರುವುದಿಲ್ಲ. ಹಾಗಾಗಿ ವಾಲುವುದನ್ನು ಸ್ವಲ್ಪ ಸ್ವಲ್ಪವೇ ಕಲಿಯಬೇಕು.

ಬೆರಳಿನ ಕಡೆಗೋ ಹಿಮ್ಮಡಿ ಕಡೆಗೋ ಬೀಳುವುದು ಬೇರೆ ತೊಂದರೆ. ಪೈಪ್ ಸಣ್ಣದು, ಪಾದದ ಬಲದಿಂದ ತಿದ್ದಿಕೊಳ್ಳಲು ಹೆಚ್ಚು ಆಗುವುದಿಲ್ಲ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರು ಉದ್ದನೆಯ ಗಳ ಹಿಡಿಯುತ್ತಾರಲ್ಲ, ಅದು ಮೈ ವಾಲುವ ವೇಗವನ್ನು ತಗ್ಗಿಸುತ್ತದೆ. ಚಾಚಿದ ಕೈಗಳೂ ಅದೇ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತವೆ. ಕಂಬಿಯ ಉದ್ದಕ್ಕೇ ಓಡಿ ಬಂದು ಹಾರುವುದೂ ಅಷ್ಟೇ ಮುಖ್ಯ. ಓರೆಯಾಗಿ ಬಂದರೆ ಆ ಓರೆ ವೇಗವೇ ಆಚೆ ಬದಿಗೆ ತಳ್ಳುತ್ತದೆ.

ಪೈಪಿಗೆ ಮೇಣದಬತ್ತಿ ಹಚ್ಚುವ ಅಭ್ಯಾಸ ಇದೆ. ಹಚ್ಚುವುದಾದರೆ ಪೂರ್ತಿ ಉದ್ದಕ್ಕೂ ಒಂದೇ ಸಮ ಹಚ್ಚಿ. ಅರ್ಧ ಜಾರಿ ಅರ್ಧ ಹಿಡಿಯುವ ಪೈಪ್ ಅಪಾಯ. ಏಕೆಂದರೆ ಎಷ್ಟು ವಾಲಬೇಕು ಅನ್ನುವುದು ನಡುದಾರಿಯಲ್ಲೇ ಬದಲಾಗುತ್ತದೆ. ತುಕ್ಕು, ಕಿತ್ತು ಬಂದ ಪೇಂಟು, ಮಳೆ ನೀರು ಮಾಡುವುದೂ ಇದನ್ನೇ.

ನಾವು ಮುಂದಿನ ವಾರ ಓಟ ಬಿಟ್ಟು ಮೊದಲಿಂದ ಶುರು ಮಾಡಿದೆವು. ಸುಮ್ನೆ ಪೈಪ್ ಮೇಲೆ ನಿಲ್ಲುವುದು. ನನ್ನ ಭುಜ ಹಿಡಿದು ಹತ್ತುವುದು, ಇಳಿಯುವುದು. ಆಮೇಲೆ ಎರಡೇ ಹೆಜ್ಜೆ ಓಡಿ ಹಾರುವುದು. ಕಣ್ಣು ಪೈಪಿನ ತುದಿಯ ಮೇಲೆ. ಮೂರನೇ ಭಾನುವಾರ ಸರ್ ಅಂತ ಒಂದು ಸದ್ದು ಬಂತು. ಒಂದು ಮೊಳದಷ್ಟು ಜಾರಿದ್ದ, ಬೀಳದೆ!

"ಮೆಟ್ಟಿಲ ಕಂಬಿ ಯಾವಾಗ ಮಾಮ?" ಅಂತ ಅವತ್ತೇ ಕೇಳಿದ. ಪಾರ್ಕಿನ, ಮೆಟ್ರೋ ನಿಲ್ದಾಣದ ಕಂಬಿಗಳು ವಯಸ್ಸಾದವರು ಹಿಡಿದು ಇಳಿಯುವುದಕ್ಕೆ ಇರುವಂಥವು. ಅವು ಬೇಡವೇ ಬೇಡ. ಲೆಕ್ಕವನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಸಮತಟ್ಟಾದ ಪೈಪ್ ಮೇಲೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಾರಿದರೆ ಎರಡೂಕಾಲು ಮೀಟರಿನಲ್ಲಿ ತಾನೇ ನಿಲ್ಲುತ್ತೇವೆ. 30 ಡಿಗ್ರಿ ಇಳಿಜಾರಿನಲ್ಲಿ ವೇಗ ಇಳಿಯುವ ಬದಲು ಏರುತ್ತದೆ. ಮೂರು ಮೀಟರ್ ಜಾರುವಷ್ಟರಲ್ಲಿ ಗಂಟೆಗೆ 19 ಕಿ.ಮೀ. ಮುಟ್ಟುತ್ತದೆ. ಅಲ್ಲಿ ಭಯಕ್ಕೆ ಹಿಂದಕ್ಕೆ ವಾಲಿದರೆ ಕೆಟ್ಟೆವು. ಮೈ ಕಂಬಿಯ ಜೊತೆಗೇ ಮುಂದಕ್ಕೆ ಬಾಗಬೇಕು. ಬಸ್ಸಿನಲ್ಲಿ ಕಲಿತದ್ದು ಅಲ್ಲಿ ತಿರುಗುಮುರುಗು.

ಕಾಗದವನ್ನು ಎರಡು ಸಲ ಓದಿದ. ಈಗ ನಮ್ಮ ಪೈಪಿನ ಒಂದು ತುದಿಯ ದಿಮ್ಮಿ ಕೆಳಗೆ ಒಂದೇ ಒಂದು ಇಟ್ಟಿಗೆ ಇಟ್ಟಿದ್ದೇವೆ.