ಸಿಇಟಿ ರ‍್ಯಾಂಕ್ ಬಂದರೆ ಸಾಕಾ?

"ಸರ, ಸಿಇಟಿ ಚಲೋ ಬರದ್ರ ಸೀಟೂ ಸಿಗತೈತಿ, ಸ್ಕಾಲರ್‌ಶಿಪ್ಪೂ ಬರತೈತಿ. ಪಿಯುಸಿ ಪಾಸಾದ್ರ ಆತಲ್ರಿ?"

ಗದಗಿನಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುವ ನಾನು ಪ್ರತಿ ವರ್ಷ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದ್ದೇನೆ. ಆಗೋದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಿಯುಸಿ, ಅರ್ಧ ಸಿಇಟಿ. ಪಿಯುಸಿಯಲ್ಲಿ ಕೇಳುವ ಶೇ 45 ಅನ್ನೋದು ಬರೀ ಅರ್ಹತೆಯ ಗೆರೆ.

ಮೊನ್ನೆ ರೋಣದ ಕಡೆಯಿಂದ ಒಬ್ಬ ತಂದೆ ಮಗಳ ಅಂಕಪಟ್ಟಿ ಹಿಡಿದು ಬಂದಿದ್ದರು. ಬೋರ್ಡಿನ ಮೇಲೆ ಲೆಕ್ಕ ಬರೆದೆ. ಇಬ್ಬರು ಹುಡುಗಿಯರು, ಇಬ್ಬರಿಗೂ ಸಿಇಟಿಯಲ್ಲಿ 180ಕ್ಕೆ 90. ಭೌತ, ರಸಾಯನ, ಗಣಿತ ಸೇರಿ ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285, ಇನ್ನೊಬ್ಬಳಿಗೆ 195. ಎರಡನ್ನೂ ಐವತ್ತೈವತ್ತಕ್ಕೆ ಇಳಿಸಿದರೆ ಮೊದಲನೆಯವಳಿಗೆ ಪಿಯುಸಿಯಿಂದ 47.5, ಸಿಇಟಿಯಿಂದ 25, ಒಟ್ಟು 72.5. ಎರಡನೆಯವಳಿಗೆ 57.5. ಈ 15ರ ಅಂತರ ತುಂಬಲು ಅವಳು ಸಿಇಟಿಯಲ್ಲಿ ಇನ್ನೂ 54 ಪ್ರಶ್ನೆ ಸರಿ ಮಾಡಬೇಕಿತ್ತು! ಆ ತಂದೆ ಬೋರ್ಡನ್ನೇ ನೋಡುತ್ತಾ ಕೂತರು.

2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ನಡೆಯಲಿಲ್ಲ, ಸಿಇಟಿ ಅಂಕದ ಮೇಲೇ ರ‍್ಯಾಂಕ್ ಕೊಟ್ಟರು. ಆ ಒಂದು ವರ್ಷದ ಮಾತು ಇನ್ನೂ ಓಡಾಡುತ್ತಿದೆ. ಮೆಡಿಕಲ್‌ಗೆ ನೀಟ್ ಅಂಕವೊಂದೇ ನೋಡುವುದೂ ಸೇರಿ ಗೊಂದಲ ಜಾಸ್ತಿಯಾಗಿದೆ. ಧಾರವಾಡದ ಐಐಟಿಗೂ ಜೆಇಇ ಅಡ್ವಾನ್ಸ್‌ಡ್ ಒಂದೇ ಸಾಲದು. ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇ 75 ಇರಬೇಕು, ಇಲ್ಲವೇ ಬೋರ್ಡ್ ಪರೀಕ್ಷೆ ಪಾಸಾದವರ ಪೈಕಿ ಮೇಲಿನ ಶೇ 20ರೊಳಗೆ ಬರಬೇಕು.

ಸ್ಕಾಲರ್‌ಶಿಪ್ಪೂ ತಾನಾಗೇ ಬರೋದಿಲ್ಲ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಕೇಳುವುದು ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್. ಸಿಇಟಿ ರ‍್ಯಾಂಕ್ ಅಲ್ಲ. ಪದವಿ ಮಕ್ಕಳಿಗೆ ವರ್ಷಕ್ಕೆ 12 ಸಾವಿರ ಕೊಡುವ ಕೇಂದ್ರದ ಯೋಜನೆಯೂ ಪಿಯುಸಿ ಅಂಕವನ್ನೇ ನೋಡುತ್ತದೆ. ಮನೆಯ ಆದಾಯ 4.5 ಲಕ್ಷ ದಾಟಿರಬಾರದು. ಸಿಇಟಿ ರ‍್ಯಾಂಕ್ ದುಡ್ಡು ಉಳಿಸುವುದು ಎಸ್‌ಎನ್‌ಕ್ಯೂ ಸೀಟಿನಲ್ಲಿ, ಅಂದರೆ ಮಾಮೂಲಿ ಸೀಟುಗಳ ಮೇಲೆ ಕೊಡುವ ಹೆಚ್ಚುವರಿ ಸೀಟಿನಲ್ಲಿ. ಆದಾಯ 8 ಲಕ್ಷದೊಳಗಿದ್ದು ಆ ಸೀಟು ಸಿಕ್ಕರೆ ಬೋಧನಾ ಶುಲ್ಕ ಮಾಫಿ.

ಹಳ್ಳಿ ಮಕ್ಕಳ ತಂದೆತಾಯಿ ಇನ್ನೊಂದು ವಿಷಯ ಕೇಳುವುದೇ ಇಲ್ಲ, ನಾನೇ ಹೇಳುತ್ತೇನೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಎಂಟನೇ ಕ್ಲಾಸಿಗೆ ಹುಬ್ಬಳ್ಳಿ ಶಾಲೆಗೆ ಹಾಕಿದರೆ ಅದು ಹೋಯಿತು. ಊರಲ್ಲೇ ಓದಿಸಿದವರು ಶಾಲೆಯಲ್ಲಿ ಅದರ ಪ್ರಮಾಣಪತ್ರ ಬರೆಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯನ್ನು ಈಗಲೇ ಹಾಕಿಸಿ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಹೆಡ್‌ಮಾಸ್ತರು ರಜೆಯಲ್ಲಿರುತ್ತಾರೆ.