ಸ್ಥಳೀಯ ಭಾಷಾ ಪರೀಕ್ಷೆ ಅಂದರೆ ಏನು, ಯಾಕೆ ಬೇಕು?

ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕುವವರು ವಯಸ್ಸು, ಫೀಸು, ಪರೀಕ್ಷೆಯ ದಿನಾಂಕ ಎಲ್ಲ ಕಣ್ಣಿಟ್ಟು ನೋಡುತ್ತಾರೆ. ಸ್ಥಳೀಯ ಭಾಷೆಯ ಬಗ್ಗೆ ಇರುವ ಸಾಲನ್ನು ಮಾತ್ರ ಹಾಗೇ ದಾಟಿಕೊಂಡು ಹೋಗುವವರು ಜಾಸ್ತಿ. ಮುಖ್ಯ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದು, ಕೊನೆಯ ಹಂತದಲ್ಲಿ ಕೆಲಸ ಕೈತಪ್ಪುವುದು ಈ ಸಾಲಿನಿಂದಲೇ.

ಯಾವ ರಾಜ್ಯದ ಹುದ್ದೆಗೆ ಅರ್ಜಿ ಹಾಕಿದ್ದೀರೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತಾಡಲು, ಕೇಳಿ ಅರ್ಥ ಮಾಡಿಕೊಳ್ಳಲು ನಿಮಗೆ ಬರುತ್ತದೆಯೇ ಎಂದು ನೋಡುವುದೇ ಸ್ಥಳೀಯ ಭಾಷಾ ಪರೀಕ್ಷೆ. ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್, ಅಂದರೆ ನಾವು ಸುಮ್ನೆ ಕ್ಲರ್ಕ್ ಅನ್ನುವ ಹುದ್ದೆಗೆ, ಇದು ಕಡ್ಡಾಯ. ಮುಖ್ಯ ಪರೀಕ್ಷೆ ಪಾಸಾದ ಮೇಲೆ ನಡೆಯುತ್ತದೆ. ಇದರ ಅಂಕ ಮೆರಿಟ್ಟಿಗೆ ಸೇರುವುದಿಲ್ಲ. ಆದರೆ ಭಾಷೆ ಬರುವುದಿಲ್ಲ ಅಂತ ಆದರೆ ಆಯ್ಕೆಯೇ ರದ್ದು. ಹತ್ತನೇ ತರಗತಿಯಲ್ಲೋ ಪಿಯುಸಿಯಲ್ಲೋ ಆ ಭಾಷೆ ಓದಿದ ಅಂಕಪಟ್ಟಿ ಇದ್ದವರಿಗೆ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ.

ಇಷ್ಟು ಬಿಗಿ ಯಾಕೆ ಅನ್ನುವುದು ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ. ಹಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ದಾರೆ ಅಂದುಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಅದರಲ್ಲೂ ಇಲ್ಲ. ಹಣ ಬಿಡುಗಡೆ ಆಗಿದೆ ಅಂತ ಪಂಚಾಯಿತಿಯಲ್ಲಿ ಹೇಳಿ ಕಳಿಸಿದ್ದಾರೆ. ಕಾರಣ ಏನು ಅಂದರೆ, ಇಂಥ ಹಣ ಹೋಗುವುದು ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನ ಜೊತೆ ಜೋಡಣೆ ಆಗಿದೆಯೋ ಆ ಖಾತೆಗೆ. ಅವರು ಕೈಯಲ್ಲಿ ಹಿಡಿದಿರುವ ಪಾಸ್‌ಬುಕ್ಕಿಗೇ ಬರಬೇಕು ಅಂತೇನಿಲ್ಲ. "ಅಮ್ಮಾ, ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಲ್ಲಿ ಖಾತೆ ತೆಗೆಸಿದ್ರಾ? ಅಲ್ಲಿ ಆಧಾರ್ ಕೊಟ್ಟಿದ್ರಾ?" ಅಂತ ಕೇಳಿದರೆ ಎರಡು ನಿಮಿಷದಲ್ಲಿ ವಿಷಯ ಹೊರಗೆ ಬರುತ್ತದೆ. ಆ ಪ್ರಶ್ನೆ ಕೇಳಲು ಕನ್ನಡ ಬೇಕು. ಅವರು ಕೊಡುವ ಉತ್ತರ ನೇರವಾಗಿ ಇರುವುದಿಲ್ಲ. ಹೋದ ವರ್ಷದ ಸಾಲ, ಮಗಳ ಮದುವೆ, ಸಂಘದ ಮೇಡಂ ಎಲ್ಲ ಅದರಲ್ಲಿ ಬರುತ್ತದೆ. ಅದರ ನಡುವೆ ಬೇಕಾದ ಮಾತನ್ನು ಹಿಡಿಯುವಷ್ಟು ಭಾಷೆ ಸಿಬ್ಬಂದಿಗೆ ಇರಬೇಕು. ಇಲ್ಲದಿದ್ದರೆ "ನಾಳೆ ಬನ್ನಿ" ಅನ್ನುತ್ತಾರೆ. ನಾಳೆ ಬರುವುದು ಅಂದರೆ ಅವರಿಗೆ ಒಂದು ದಿನದ ಕೂಲಿ ಹೋಯಿತು ಅಂತಲೇ ಅರ್ಥ. ಇದನ್ನು ಸಣ್ಣ ವಿಷಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕನ್ನಡದಲ್ಲಿ ಪರೀಕ್ಷೆ ಬರೆಯುವುದು ಬೇರೆ, ಕನ್ನಡದ ಪರೀಕ್ಷೆ ಬರೆಯುವುದು ಬೇರೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಇಂಗ್ಲಿಷ್, ಹಿಂದಿ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿ ಹೇಳಿತು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗೂ ಹೀಗೇ ಆಗಬೇಕು ಎಂದು ಹಣಕಾಸು ಸಚಿವಾಲಯ 2021ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಇದು ನಮ್ಮ ಹುಡುಗ ಹುಡುಗಿಯರಿಗೆ ತಮ್ಮ ಭಾಷೆಯಲ್ಲಿ ಉತ್ತರಿಸಲು ಸಿಕ್ಕ ಅವಕಾಶ. ಸ್ಥಳೀಯ ಭಾಷಾ ಪರೀಕ್ಷೆ ಇರುವುದು ಗ್ರಾಹಕರ ಸಲುವಾಗಿ.

ಗ್ರಾಹಕರ ಪರವಾಗಿ ಬೇರೆ ನಿಯಮಗಳೂ ಇವೆ. ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚಲನ್, ಪಾಸ್‌ಬುಕ್ ಎಲ್ಲ ಇಂಗ್ಲಿಷ್, ಹಿಂದಿ ಮತ್ತು ರಾಜ್ಯದ ಭಾಷೆ ಮೂರರಲ್ಲೂ ಇರಬೇಕು ಅನ್ನುತ್ತದೆ ರಿಸರ್ವ್ ಬ್ಯಾಂಕ್. ಚೆಕ್ಕನ್ನು ಕನ್ನಡದಲ್ಲೇ ಬರೆಯಬಹುದು, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಸಂವಿಧಾನದ 350ನೇ ವಿಧಿಯಂತೂ, ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರ್ಕಾರಿ ಅಧಿಕಾರಿಗೆ ಕುಂದುಕೊರತೆಯ ಮನವಿ ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಮನವಿ ತೆಗೆದುಕೊಂಡವರಿಗೆ ಅದನ್ನು ಓದಲು ಬರಬೇಕು, ಅಲ್ವಾ? ಫಾರಂ ಮೂರು ಭಾಷೆಯಲ್ಲಿದ್ದು, ಅದರ ಹಿಂದೆ ಕೂತವರಿಗೆ ಊರಿನ ಭಾಷೆ ಬಾರದಿದ್ದರೆ ಆ ಫಾರಂ ಅರ್ಧ ಕೆಲಸವಷ್ಟೇ ಮಾಡುತ್ತದೆ.

ಇನ್ನು ಈ ಪರೀಕ್ಷೆ ಅಳೆಯದೆ ಬಿಡುವ ಒಂದು ಸಂಗತಿ ಇದೆ. ಕರ್ನಾಟಕಕ್ಕೆ ಕೇಳುವುದು ಕನ್ನಡ, ಸರಿಯೇ. ಆದರೆ ಪುತ್ತೂರಿನ ಶಾಖೆಯಲ್ಲಿ ಫಾರಂ ತುಂಬುವುದು ಕನ್ನಡದಲ್ಲಿ, ಮಾತುಕತೆ ತುಳುವಿನಲ್ಲಿ. ಬೀದರ್ ಕಡೆ ಕನ್ನಡದ ಜೊತೆ ಉರ್ದು, ಮರಾಠಿ ನಡೆಯುತ್ತವೆ. ಬಳ್ಳಾರಿಯಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಅಲ್ಲಿ ಹುಟ್ಟಿ ಬೆಳೆದವರಿಗೆ ಎರಡು ಮೂರು ಭಾಷೆ ಬರುವುದು ದೊಡ್ಡ ಮಾತೇ ಅಲ್ಲ. ತಮ್ಮ ಅರ್ಜಿಯಲ್ಲೂ ಅದನ್ನು ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳಬೇಕು ಅಂತ ನಾನು ಹೇಳುತ್ತೇನೆ. ಬ್ಯಾಂಕು, ವಿಮೆ, ಆಸ್ಪತ್ರೆ, ಕಾಲ್ ಸೆಂಟರ್, ಎಲ್ಲಿ ಜನರ ಜೊತೆ ಮಾತಾಡುವ ಕೆಲಸ ಇದೆಯೋ ಅಲ್ಲೆಲ್ಲ ಇದು ನಿಜವಾದ ಕೌಶಲ. ಟೈಪಿಂಗ್ ಬರುತ್ತದೆ ಅಂತ ಬರೆಯುವ ನಾವು ತುಳು ಬರುತ್ತದೆ ಅಂತ ಯಾಕೆ ಬರೆಯುವುದಿಲ್ಲ?

ಪಕ್ಕದ ರಾಜ್ಯದ ಹುದ್ದೆಗೆ ಪ್ರಯತ್ನಿಸುವವರು ಮಾತ್ರ ಹುಷಾರಾಗಿರಬೇಕು. ರಾಯಚೂರಿನ ಎಷ್ಟೋ ಜನ ತೆಲುಗನ್ನು ಮನೆಮಾತಿನ ಹಾಗೆ ಆಡುತ್ತಾರೆ, ಆದರೆ ಲಿಪಿ ಓದಲು ಬರುವುದಿಲ್ಲ. ಪರೀಕ್ಷೆಗೆ ಓದು ಬರಹವೂ ಬೇಕು. ಕನ್ನಡ ಮತ್ತು ತೆಲುಗು ಲಿಪಿಗಳು ಅಣ್ಣತಮ್ಮಂದಿರಂತೆ ಇರುವುದರಿಂದ ಕಲಿಯುವುದು ಕಷ್ಟವಲ್ಲ. ಮನಸ್ಸು ಮಾಡಬೇಕು ಅಷ್ಟೇ.

ಇದೇ ತೊಂದರೆ ಬೆಂಗಳೂರಿನ ಕನ್ನಡದ ಮಕ್ಕಳಿಗೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿಯೋ ಸಂಸ್ಕೃತವೋ ಫ್ರೆಂಚೋ ತೆಗೆದುಕೊಂಡಿರುತ್ತಾರೆ. ಅಂಕಪಟ್ಟಿಯಲ್ಲಿ ಕನ್ನಡ ಇಲ್ಲದ ಕಾರಣ ಅವರೂ ಪರೀಕ್ಷೆಗೆ ಕೂರಬೇಕು. ಸಾಮಾನ್ಯವಾಗಿ ಒಂದು ಪ್ಯಾರಾ ಓದಿಸುತ್ತಾರೆ, ಕೆಲವು ಸಾಲು ಬರೆಸುತ್ತಾರೆ, ಮಾತಾಡಿಸುತ್ತಾರೆ. ಮಾತು ಸಲೀಸು, ಪೆನ್ನು ಹಿಡಿದಾಗ ಒತ್ತಕ್ಷರದಲ್ಲಿ ತಡವರಿಕೆ. ಅಂಥವರು ಎಟಿಎಂ ಕಾರ್ಡ್ ಕಳೆದುಹೋಗಿದೆ, ವಿಳಾಸ ಬದಲಾಗಿದೆ, ಪಿಂಚಣಿ ಬಂದಿಲ್ಲ ಅಂತ ಮ್ಯಾನೇಜರಿಗೆ ಕನ್ನಡದಲ್ಲಿ ಪತ್ರ ಬರೆದು ಅಭ್ಯಾಸ ಮಾಡಿಕೊಳ್ಳಲಿ. ಕೆಲಸಕ್ಕೆ ಸೇರಿದ ಮೇಲೆ ದಿನಾ ಓದಬೇಕಾಗುವುದೂ ಅಂಥ ಪತ್ರಗಳನ್ನೇ.